ಎಲ್ಲ ಚೆನ್ನಾಗಿದೆ ಅಂದ ಬೀದಿ

ಬಿಟ್ಟಿ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಅವರದು ಕಂಪ್ಯೂಟರ್ ರಿಪೇರಿ ಅಂಗಡಿ. ಎರಡಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗೆ, ನೆಟ್ಟಗೆ ನಿಂತರೆ ತಲೆ ಬಡಿಯುವಂಥ ಜಾಗ. ಆದರೆ ಮೌಸ್ ಕೆಟ್ಟಿದೆ ಅಂತ ಹೋದವರಿಗೂ ಅಲ್ಲಿ ಒಂದು ಪಾಠ ಕಡ್ಡಾಯ. ಕದ್ದ ಸಾಫ್ಟ್‌ವೇರ್ ಯಾಕೆ ಬಳಸಬಾರದು, ಎಲ್ಲರೂ ಸೇರಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿರುವ ಮುಕ್ತ ಸಾಫ್ಟ್‌ವೇರ್ ಯಾಕೆ ಬಳಸಬೇಕು ಅನ್ನುವ ಪಾಠ. ಅಷ್ಟುದ್ದದ ಪಾಠದಲ್ಲಿ ಬೀದಿಯವರ ಕಿವಿಗೆ ಬಿದ್ದದ್ದು ದುಡ್ಡು ಕೊಡಬೇಕಿಲ್ಲ ಎಂಬ ಒಂದೇ ಮಾತು. ಹಾಗಾಗಿ ಆ ಹೆಸರು ಬಂತು. "ಬಿಟ್ಟಿ ಅಲ್ಲ ಕಣ್ರೀ, ಸ್ವತಂತ್ರ!" ಎಂದು ತಿದ್ದೀ ತಿದ್ದೀ ಬಾಯಿ ನೋವು ಬಂದಮೇಲೆ ಅವರೇ ಸುಮ್ಮನಾದರು.

ಹಠ ಮಾತ್ರ ಬಿಡಲಿಲ್ಲ. ಪ್ರೆಸ್ಸಿನ ಯಜಮಾನ, ಔಷಧದಂಗಡಿಯಮ್ಮ, ಫೋಟೋ ಸ್ಟುಡಿಯೋದವನು, ಹೀಗೆ ಒಬ್ಬೊಬ್ಬರ ಹಿಂದೆ ಬಿದ್ದು, ಕಾಡಿ ಬೇಡಿ, ಬೀದಿಯ ಎಲ್ಲ ಕಂಪ್ಯೂಟರಿಗೂ ಮುಕ್ತ ಸಾಫ್ಟ್‌ವೇರ್ ಹಾಕಿಬಿಟ್ಟರು. ಒಂದು ಔದಾರ್ಯ ಮಾಡಿದ್ದರು. ಹಳೆಯ ಕದ್ದ ಸಾಫ್ಟ್‌ವೇರನ್ನು ಪೂರ್ತಿ ಅಳಿಸದೆ, ಜನಕ್ಕೆ ಧೈರ್ಯವಿರಲಿ ಎಂದು ಯಂತ್ರದ ಒಂದು ಮೂಲೆಯಲ್ಲಿ ಉಳಿಸಿದ್ದರು. ಆನ್ ಮಾಡಿದರೆ ಮಾತ್ರ ಹೊಸದೇ ಬರಬೇಕು, ಹಾಗೆ ಹೊಂದಿಸಿದ್ದರು. ಮದುವೆ ಮಾಡಿಕೊಟ್ಟ ಮೇಲೂ ಹಳೆಯ ಪ್ರೇಮಿಯನ್ನು ಹಿಂದಿನ ಕೋಣೆಯಲ್ಲಿ ಇಟ್ಟುಕೊಳ್ಳಿ ಅಂದಂತಾಯಿತು ಇದು. ಆದರೆ ಮೇಷ್ಟ್ರಿಗೆ ಮನುಷ್ಯರ ಮೇಲೆ ಅಷ್ಟು ನಂಬಿಕೆ.

ಆಮೇಲೆ ವಾರಕ್ಕೊಂದು ಸುತ್ತು. ಹೋಗುವ ಮೊದಲು ಫೋನ್ ಮಾಡಿ, "ಬರ್ತಿದ್ದೀನಿ, ಮಾಡ್ತಿರೋ ಕೆಲಸ ಸೇವ್ ಮಾಡಿಟ್ಕೊಳ್ಳಿ" ಅನ್ನುವುದು ಅವರ ಪದ್ಧತಿ. ಹೋಗಿ ನೋಡಿದರೆ ಪ್ರತಿ ಪರದೆಯ ಮೇಲೂ ಅವರೇ ಹಾಕಿಕೊಟ್ಟ ನೀಲಿ ಬಣ್ಣ.

"ಹೇಗಿದೆ? ಏನಾದ್ರೂ ತೊಂದರೆ ಇದ್ರೆ ಬಾಯಿಬಿಟ್ಟು ಹೇಳಿ. ಹೇಳಿದ್ರೆ ತಾನೆ ಸರಿಮಾಡೋದು?"

"ಚೆನ್ನಾಗಿದೆ ಮೇಷ್ಟ್ರೇ."

ಈ ಸಾಫ್ಟ್‌ವೇರ್ ಬರೆಯುವವರು ದೂರದೂರದಲ್ಲಿ ಕೂತ, ಸಂಬಳವಿಲ್ಲದೆ ದುಡಿಯುವ ಹುಡುಗ ಹುಡುಗಿಯರು. ಹಳೆಯ ಕನ್ನಡ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲುಗಳು ಇದರಲ್ಲಿ ಚೆಲ್ಲಾಪಿಲ್ಲಿಯಾಗುತ್ತವಂತೆ, ನಿಮ್ಮ ಕಡೆ ಹೇಗೆ ಎಂದು ಅವರೊಮ್ಮೆ ಮೇಷ್ಟ್ರನ್ನು ಕೇಳಿದರು. ಮೇಷ್ಟ್ರ ಹತ್ತಿರ ಅಂಥ ಹಳೆಯ ಫೈಲು ಒಂದೂ ಇರಲಿಲ್ಲ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ವಿಚಾರಿಸಿದರು. ಎಲ್ಲರದೂ ಒಂದೇ ಉತ್ತರ. 'ನಮ್ಮ ಬೀದಿಯಲ್ಲಿ ಯಾರಿಗೂ ಆ ತೊಂದರೆಯಿಲ್ಲ' ಎಂದು ಹೆಮ್ಮೆಯಿಂದ ಬರೆದು ಕಳಿಸಿದರು. ಆ ಮಕ್ಕಳು ಅದನ್ನು ನಂಬಿ ಬೇರೆ ಕೆಲಸ ಕೈಗೆತ್ತಿಕೊಂಡರು.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ, ಮೇಷ್ಟ್ರ ಸುದ್ದಿಗೆ ಬೆಲೆ ಬಂದದ್ದೂ ಪಕ್ಕದ ಊರಿನಲ್ಲಿ. ಅಲ್ಲಿನ ಗ್ರಂಥಾಲಯದವರು ಭಾನುವಾರ ನೀವು ನಮ್ಮಲ್ಲಿಗೆ ಬಂದು ನಿಮ್ಮ ಬೀದಿಯ ಕತೆ ಹೇಳಿ, ನಾವೂ ನಿಮ್ಮ ಹಾಗೇ ಬದಲಾಗುತ್ತೇವೆ ಅಂದರು. ಮೇಷ್ಟ್ರಿಗೆ ನಿಂತಲ್ಲಿ ನಿಲ್ಲಲಾಗದಷ್ಟು ಖುಷಿ. ಆಯುಷ್ಯವಿಡೀ ಜನರ ನಗೆಚಾಟಿಕೆ ಸಹಿಸಿದ ಮನುಷ್ಯನಿಗೆ ಒಬ್ಬರಾದರೂ ಕರೆದು ಕೇಳುವುದು ಅಂದರೆ ಸಣ್ಣ ಮಾತೇ? ಅಲ್ಲಿ ಹಂಚಲು ಕರಪತ್ರ ಮಾಡಿಕೊಡುವ ಕೆಲಸವನ್ನು ಪ್ರೆಸ್ಸಿನ ಯಜಮಾನ ತಾನೇ ಕೇಳಿ ವಹಿಸಿಕೊಂಡ. ಇಬ್ಬರದೂ ಚಡ್ಡಿ ದೋಸ್ತಿ, ಏಕವಚನದ ಸಲಿಗೆ.

ಶನಿವಾರ ಮಧ್ಯಾಹ್ನ ಕರಪತ್ರದಲ್ಲಿ ಸಮಯ ತಪ್ಪಾಗಿದೆ ಎಂದು ನೆನಪಾಗಿ ಮೇಷ್ಟ್ರು ಪ್ರೆಸ್ಸಿಗೆ ಹೊರಟರು. ಫೋನು ಮನೆಯಲ್ಲಿ ಚಾರ್ಜಿಗೆ ಹಾಕಿದ್ದರಿಂದ ಅವತ್ತು ಮೊದಲೇ ತಿಳಿಸಲಾಗಲಿಲ್ಲ.

ಪ್ರೆಸ್ಸಿನ ಕಂಪ್ಯೂಟರ್ ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ 'ಒಂದು ಬೀದಿ ಬದಲಾದ ಕತೆ' ಎಂದಿತ್ತು. ಅದು ತೆರೆದಿದ್ದದ್ದು ಅದೇ ಹಳೆಯ, ಕದ್ದ ಸಾಫ್ಟ್‌ವೇರಿನಲ್ಲಿ.

"ಏನೋ ಇದು?"

ಯಜಮಾನನ ಕೈ ಮೌಸಿನ ಮೇಲೇ ಉಳಿಯಿತು. "ಅದು... ಇವತ್ತೊಂದು ದಿನ ಕಣೋ. ಅರ್ಜೆಂಟಿತ್ತು."

ಪರದೆಯ ತುಂಬ ಈಚಿನ ಕೆಲಸಗಳ ಫೈಲುಗಳು ಎರಚಿಕೊಂಡು ಬಿದ್ದಿದ್ದವು. ಒಂದು ದಿನದಲ್ಲಿ ಅಷ್ಟು ಕಸ ಸೇರುವುದಿಲ್ಲ ಎಂದು ಮೇಷ್ಟ್ರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸಮಯ ತಿದ್ದಿಸುವುದನ್ನೂ ಮರೆತು ಹೊರಗೆ ಬಂದರು.

ಎದುರಿಗೇ ಔಷಧದಂಗಡಿ. ಗಾಜಿನಾಚೆಯಿಂದ ಇವರನ್ನು ಕಂಡದ್ದೇ ತಡ, ಅಂಗಡಿಯಮ್ಮ ಗಡಬಡಿಸಿ ಕಂಪ್ಯೂಟರ್ ಆಫ್ ಮಾಡಿದರು. ಬಿಲ್ಲಿಗೆ ಕಾದು ನಿಂತಿದ್ದ ಗಿರಾಕಿ ಗೊಣಗತೊಡಗಿದ.

"ನನ್ನನ್ನ ನೋಡಿ ಆಫ್ ಮಾಡಿದ್ರಾ ಅಮ್ಮಾ?"

"ಫೋನ್ ಮಾಡ್ದೆ ಬಂದ್ಬಿಟ್ರಲ್ಲ ಮೇಷ್ಟ್ರೇ!" ಅಂದರು ಆಕೆ, ತಪ್ಪು ಇವರದೇ ಅನ್ನುವ ಹಾಗೆ. ಮೇಷ್ಟ್ರ ಮುಖ ನೋಡಿ ದನಿ ಇಳಿಯಿತು. "ಬೇಜಾರ್ ಮಾಡ್ಕೋಬೇಡಿ. ನನಗೇನು ಗೊತ್ತಿತ್ತು ಹೇಳಿ? ಆನ್ ಆಗೋವಾಗ ಒಂದು ಬಟನ್ ಒತ್ತಿ ಹಿಡ್ಕೊಂಡ್ರೆ ಹಳೇದೇ ಬರತ್ತೆ ಅಂತ ನಿಮ್ಮ ಮನೆಯವರೇ ಹೇಳ್ಕೊಟ್ಟಿದ್ದು. ನಮಗೆಲ್ಲಾ."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಬೀದಿಯವರು ನಕ್ಕಿದ್ದರೆ, ಬೈದಿದ್ದರೆ, ನಿನ್ನ ಸಾಫ್ಟ್‌ವೇರ್ ತಿಪ್ಪೆಗೆ ಹಾಕು ಅಂದಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರು. ಅದು ಅವರಿಗೆ ಅಭ್ಯಾಸ. ಇದು ಹಾಗಲ್ಲ. ಇಡೀ ಬೀದಿ ಸೇರಿ, ಪಾಪ ಅಂತ, ಅವರನ್ನು ಚಿಕ್ಕ ಮಗುವಿನಂತೆ ಆಡಿಸಿತ್ತು. ನಾಚಿಕೆಗೆ ತಲೆ ತಗ್ಗಿಸಿ ಮನೆ ಕಡೆ ನಡೆದರು.

ಮನೆಯಲ್ಲಿ ಹೆಂಡತಿ ಕಂಪ್ಯೂಟರಿನ ಮುಂದೆ ಕೂತು ಪರೀಕ್ಷೆಯ ಪ್ರಶ್ನೆಪತ್ರಿಕೆ ತಯಾರಿಸುತ್ತಿದ್ದರು. ಮೇಷ್ಟ್ರು ಅನ್ನುವ ಅಡ್ಡಹೆಸರು ಗಂಡನದಾದರೂ ನಿಜವಾದ ಶಾಲಾಮಾಸ್ತರಿಕೆ ಆಕೆಯದು. ಮೇಷ್ಟ್ರು ಬಾಗಿಲಲ್ಲೇ ನಿಂತು ಪರದೆ ನೋಡಿದರು. ಅಲ್ಲೂ ನೀಲಿ ಇರಲಿಲ್ಲ.

"ನಮ್ಮ ಮನೇದೂನಾ?"

ಆಕೆ ತಿರುಗಿ ನೋಡಿದರು. ಮುಚ್ಚಿಡಲು ಹೋಗಲಿಲ್ಲ.

"ಶಾಲೆಯಿಂದ ಬರೋದೆಲ್ಲ ಹಳೇ ಫೈಲು. ನಿಮ್ಮದ್ರಲ್ಲಿ ತೆರೆದ್ರೆ ಒಂದಕ್ಷರ ಓದಕ್ಕಾಗಲ್ಲ. ಪ್ರೆಸ್ಸಿನವರದೂ ಅದೇ ಗೋಳು."

"ಮತ್ತೆ ಹೇಳೋದಲ್ವೇನೇ?"

"ಹೇಳಿದ್ದೆ ರೀ. ಮೊದಲನೇ ವಾರಾನೇ ಹೇಳಿದ್ದೆ. ನೀವು ತಟ್ಟೆ ಮುಂದೆ ಕೂತು ಅನ್ನ ಆರೋವರೆಗೂ ಸ್ವಾತಂತ್ರ್ಯದ ಭಾಷಣ ಮಾಡಿದ್ರಿ. ಆಮೇಲೆ ಎರಡು ದಿನ ಮುಖ ಊದಿಸ್ಕೊಂಡಿದ್ರಿ. ಪ್ರೆಸ್ಸಿನವರೂ ಹೇಳೋಕೆ ಬಂದು ಪಾಠ ಕೇಳಿಸ್ಕೊಂಡು ಹೋದ್ರು. ಮೂಲೆಯಲ್ಲಿ ಇನ್ನೊಂದು ರಿಪೇರಿ ಅಂಗಡಿ ಇದೆ, ಬೀದಿಯವರೆಲ್ಲ ಅಲ್ಲಿಗೆ ಹೊರಟಿದ್ರು. ನಾನೇ ಬೇಡ ಅಂದೆ. ನಮ್ಮನೆಯವರು ಬಂದಾಗ ಚೆನ್ನಾಗಿದೆ ಅನ್ನಿ, ಸಾಕು ಅಂದೆ."

"ನನ್ನನ್ನ ಕೋಡಂಗಿ ಮಾಡಿದ್ರಿ ಎಲ್ಲರೂ ಸೇರಿ."

"ನಿಮಗೆ ನೋವಾಗಬಾರದು ಅಂತ ರೀ."

"ನೋವಾಗಲಿ ಬಿಡೇ! ಜಗಳ ಆಡಬೇಕಿತ್ತು ನೀನು. ನಾನು ಆ ಮಕ್ಕಳಿಗೆ ಯಾರಿಗೂ ತೊಂದರೆ ಇಲ್ಲ ಅಂತ ಬರೆದೆ. ನನ್ನ ಮಾತು ನಂಬಿ ಸರಿಮಾಡೋದನ್ನೇ ಬಿಟ್ರು. ಹೇಳಿದ್ರೆ ಸರಿಹೋಗತ್ತೆ ಅನ್ನೋದೊಂದೇ ತಾನೆ ನಾನು ಇಷ್ಟು ವರ್ಷ ಬಡ್ಕೊಂಡಿದ್ದು?" ಬಂದದ್ದು ಕೋಪವೋ ಅಳುವೋ ಅವರಿಗೇ ತಿಳಿಯಲಿಲ್ಲ.

ಫೋನು ಎತ್ತಿಕೊಂಡು ಗ್ರಂಥಾಲಯದವರಿಗೆ ನಾಳೆ ಬರಲಾಗುವುದಿಲ್ಲ ಅಂದರು. ಮೈಗೆ ಹುಷಾರಿಲ್ಲವೇ ಎಂದು ಆ ಕಡೆಯವರು ಕೇಳಿದರು. "ಮೈ ಚೆನ್ನಾಗೇ ಇದೆ. ಹೇಳೋಕೆ ಕತೆ ಇಲ್ಲ" ಎಂದು ಇಟ್ಟುಬಿಟ್ಟರು.

ಹೆಂಡತಿ ನೀರು ತಂದು ಮುಂದಿಟ್ಟರು. ಮೇಷ್ಟ್ರು ಮುಟ್ಟಲಿಲ್ಲ. ಇಷ್ಟು ವರ್ಷ ಒಟ್ಟಿಗೆ ಬದುಕಿದಾಕೆಯ ಮುಖವನ್ನು, ಗುರುತು ಸಿಗದವರಂತೆ ನೋಡಿದರು. ಮಾತಾಡಿದಾಗ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು.

"ಇದೊಂದೇನಾ? ಬೇರೆ ಏನೇನಕ್ಕೆ ಚೆನ್ನಾಗಿದೆ ಅಂದಿದ್ದೀಯ ನನಗೆ?"

ಆಕೆ ಥಟ್ಟನೆ ಇಲ್ಲ ಅನ್ನುತ್ತಾರೆ ಅಂದುಕೊಂಡಿದ್ದರು. ಆಕೆ ಕುರ್ಚಿ ಎಳೆದುಕೊಂಡು ಎದುರಿಗೆ ಕೂತು, ಎಲ್ಲಿಂದ ಶುರು ಮಾಡಲಿ ಅನ್ನುವ ಹಾಗೆ ಯೋಚಿಸತೊಡಗಿದರು.