ನಾನೇ ಹೇಳಿಕೊಟ್ಟ ಟ್ಯೂಬು

ನನ್ನ ಮುಖದ ಕಾಯಿಲೆ ನನಗೆ ಮೊದಲು ಕಂಡದ್ದು ಸೊಸೆಯ ಮೊಬೈಲಿನಲ್ಲಿ.

ಗಜೇಂದ್ರಗಡದ ಪೇಟೆಯಲ್ಲಿ ನಮ್ಮದು ಸೀರೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ನರಗುಂದದಿಂದ ಮದುವೆಯಾಗಿ ಬಂದ ಮರುವರ್ಷವೇ ಅತ್ತೆ ನನ್ನನ್ನು ಅಂಗಡಿಯ ಗಾದಿಯ ಮೇಲೆ ಕೂರಿಸಿದರು. ನನ್ನ ಕೆಲಸ ಒಂದೇ. ಗಿರಾಕಿ ಯಾವ ಸೀರೆಯ ಮೇಲೆ ಕೈಯಿಟ್ಟಳೋ ಅದನ್ನು ಬಿಚ್ಚಿ, ನನ್ನ ಹೆಗಲ ಮೇಲೆ ಹಾಕಿಕೊಂಡು ತೋರಿಸುವುದು. "ನಾ ಉಟ್ಟ ನೋಡೇನ್ರಿ, ಬಣ್ಣ ಬಿಡಂಗಿಲ್ಲ" ಎಂದರೆ ಮುಗಿಯಿತು. ರಾಜೂರಿನವರಿರಲಿ, ಇಟಗಿಯವರಿರಲಿ, ಮತ್ತೆ ಕೇಳುತ್ತಿರಲಿಲ್ಲ. ನಾನು ಉಡದ ಸೀರೆಗೆ ಆ ಮಾತು ಆಡಿದವಳೂ ಅಲ್ಲ. ಆ ಬಗ್ಗೆ ನನಗೊಂದು ಹಮ್ಮು ಇತ್ತು. ಈಗಲೂ ಪೂರ್ತಿ ಹೋಗಿಲ್ಲ.

ಸೊಸೆ ಸವಿತಾ ಚುರುಕಿನವಳು. ಸೀರೆಗಳ ವಿಡಿಯೊ ಮಾಡಿ ಮೊಬೈಲಿನಲ್ಲಿ ಹಾಕತೊಡಗಿದಳು. ಒಂದು ದಿನ ಹಸಿರು ಸೀರೆಯೊಂದನ್ನು ಹೆಗಲಿಗೇರಿಸಿಕೊಂಡು ನಾನೂ ನಿಂತೆ. ಮಧ್ಯಾಹ್ನ ಜನ ಬರೆದದ್ದನ್ನು ಓದಿ ಹೇಳುತ್ತಿದ್ದವಳು ಒಮ್ಮೆಲೇ ಮೊಬೈಲನ್ನು ಮಗುಚಿ ಹಿಡಿದಳು. ನಾನು ಬಿಡುವವಳೇ? ಮೊಬೈಲು ಕಸಿದುಕೊಂಡು, ಕನ್ನಡಕ ಹಾಕಿಕೊಂಡು ಓದಿದೆ.

"ಸೀರಿ ಭಾಳ ಚಲೋ ಐತ್ರಿ. ಆ ಅಜ್ಜಿನ್ನ ಸರಸ್ರಿ."

ನನಗೆ ಅರವತ್ತಮೂರು. ಅಜ್ಜಿ ಹೌದು, ಇಲ್ಲ ಅಂದವರಾರು? ಆದರೆ ಸರಿಸುವುದಕ್ಕೆ ನಾನೇನು ಕುರ್ಚಿಯೇ?

ಆ ವಿಡಿಯೊ ಹತ್ತು ಸಲ ನೋಡಿದೆ. ದವಡೆಯ ಕೆಳಗೆ ಚರ್ಮ ಜೋತುಬಿದ್ದಿತ್ತು. ಕಣ್ಣ ಸುತ್ತ ನೆರಿಗೆ. ಕೆನ್ನೆ ಬೆಳ್ಳಗಿತ್ತು, ಆದರೆ ಉಳ್ಳಾಗಡ್ಡಿಯ ಒಳಪೊರೆಯಂತೆ ತೆಳ್ಳಗೆ ಹೊಳೆಯುತ್ತಿತ್ತು, ಒಳಗೆ ಕೆಂಪು ಎಳೆಗಳು ಕಾಣುತ್ತಿದ್ದವು. ಇದು ಮುಪ್ಪು ಅಂದುಕೊಂಡೆ. ಮುಪ್ಪಿಗೆ ಈಗ ಲೇಸರ್ ಇದೆ, ಬೊಟಾಕ್ಸ್ ಇದೆ. ಸರಿಸುವ ಮೊದಲು ಅದನ್ನೂ ಒಂದು ಕೈ ನೋಡೋಣ ಅನ್ನಿಸಿತು.

ನಮ್ಮವರಿಗೆ ಹೇಳಿದೆ. "ಈ ವಯಸ್ಸಿನ್ಯಾಗ ಯಾರಿಗಿ ತೋರಸಾಕ?" ಎಂದರು.

"ನಿಮಗಂತೂ ಅಲ್ಲ ಬಿಡ್ರಿ. ನೀವು ನನ್ನ ಮಾರಿ ನೋಡಿ ಇಪ್ಪತ್ತ ವರ್ಷ ಆತು."

ಮೀಸೆಗೆ ತಿಂಗಳಿಗೆರಡು ಸಲ ಬಣ್ಣ ಹಚ್ಚಿಕೊಳ್ಳುವ ಮನುಷ್ಯ ಇವರು. ಅದನ್ನು ಯಾರೂ ಕೇಳುವುದಿಲ್ಲ. ಹಲ್ಲು ಕಟ್ಟಿಸಿಕೊಂಡರೂ ಕೇಳುವುದಿಲ್ಲ. ಹೆಂಗಸು ಮುಖದ ಬಗ್ಗೆ ಬಾಯಿ ಬಿಟ್ಟರೆ ಮಾತ್ರ ದೇವರ ಧ್ಯಾನ ಮಾಡು ಅನ್ನುತ್ತಾರೆ. ನಮ್ಮವರು ನಕ್ಕರು, ಮೀಸೆ ತಿರುವಿದರು, ಮಂಗಳವಾರ ತಾವೇ ರೋಣಕ್ಕೆ ಕರೆದುಕೊಂಡು ಹೋದರು. ಅಲ್ಲಿ ಒಂದು ದವಾಖಾನೆಗೆ ವಾರಕ್ಕೊಮ್ಮೆ ಹುಬ್ಬಳ್ಳಿಯಿಂದ ಚರ್ಮದ ಡಾಕ್ಟರು ಬರುತ್ತಾರೆ. ನನ್ನ ಸೊಸೆಯ ವಯಸ್ಸಿನ ಹೆಣ್ಣುಮಗಳು.

"ಲೇಸರ್ ಮಾಡ್ತೀರೋ, ಬೊಟಾಕ್ಸ್ ಮಾಡ್ತೀರೋ, ಮಾಡ್ರಿ. ನಾ ಅಂಜಾಂಗಿಲ್ಲ" ಎಂದೆ.

ಅವರು ದೀಪ ಹಿಡಿದು ಕೆನ್ನೆ ನೋಡಿದರು. ತುಂಬ ಹೊತ್ತು ನೋಡಿದರು.

"ಅಮ್ಮಾ, ಮುಖಕ್ಕ ಏನ್ ಹಚ್ಚತೀರಿ?"

"ಏನಿಲ್ರಿ. ಬರೇ ಒಂದ್ ಕ್ರೀಮು."

ಪರ್ಸಿನಿಂದ ಟ್ಯೂಬು ತೆಗೆದು ಕೊಟ್ಟೆ. ಎರಡು ವರ್ಷದಿಂದ ದಿನವೂ ಹಚ್ಚುತ್ತಿದ್ದೇನೆ ಎಂದೆ. ಡಾಕ್ಟರು ದೀಪ ಆರಿಸಿದರು.

"ಇದು ಕ್ರೀಮ್ ಅಲ್ರಿ, ಔಷಧ. ಇದರಾಗ ಸ್ಟೀರಾಯ್ಡ್ ಐತಿ. ಡಾಕ್ಟರ್ ಹೇಳಿದಷ್ಟ ದಿನ ಹಚ್ಚಿ ಬಿಡಬೇಕು. ನೀವು ಎರಡು ವರ್ಷ ಹಚ್ಚಿ ಚರ್ಮ ತೆಳ್ಳಗ ಮಾಡಿಕೊಂಡೀರಿ. ಇದಕ್ಕ ಲೇಸರ್ ಕೊಟ್ರ ಸುಟ್ಟ ಹೋಗತೈತಿ."

"ಮತ್ತ?"

"ಮೊದಲ ಇದನ್ನ ಬಿಡ್ರಿ. ಬಿಟ್ಟ ಮ್ಯಾಲ ಮುಖ ಕೆಂಪಾಗತೈತಿ, ಭಾಳ ಉರೀತೈತಿ. ಅಂಜಿ ಮತ್ತ ಹಚ್ಚಬ್ಯಾಡ್ರಿ. ತಿಂಗಳಗಟ್ಟಲೆ ಬೇಕಾಗತೈತಿ." ಚೀಟಿ ಬರೆಯುತ್ತ ತಲೆ ಎತ್ತದೆ ಕೇಳಿದರು, "ಬ್ಯಾರೆ ಯಾರಿಗರೆ ಈ ಟ್ಯೂಬ್ ಹೇಳೀರೇನು?"

"ಇಲ್ರಿ" ಎಂದೆ.

ಸುಳ್ಳು.

ನರಗುಂದದಲ್ಲಿ ಒಂದು ಮದುವೆಗೆ ಹೋದಾಗ ನೆಂಟರ ಹೆಂಗಸೊಬ್ಬಳು ಆ ಟ್ಯೂಬು ಹೇಳಿದ್ದಳು. ಕೆನ್ನೆಯ ಮೇಲಿನ ಬಂಗು, ಆ ಕಪ್ಪು ಕಲೆ, ತಿಂಗಳೊಳಗೆ ಮಾಯವಾಯಿತು. ಗಿರಾಕಿಗಳು ಸೀರೆ ಬಿಟ್ಟು ನನ್ನ ಮುಖ ನೋಡತೊಡಗಿದರು. "ಕಾಕಿ, ಏನ್ ಹಚ್ಚೀರಿ?" ಎಂದು ಕೇಳಿದವರಿಗೆಲ್ಲ ಬಿಲ್ಲಿನ ಹಿಂದೆ ಅದರ ಹೆಸರು ಬರೆದು ಕೊಟ್ಟೆ. "ನಾ ಹಚ್ಚೇನಿ, ಏನೂ ಆಗಂಗಿಲ್ಲ" ಎಂದೂ ಹೇಳಿದೆ. ಸೀರೆಗೆ ಹೇಳುವ ದನಿಯಲ್ಲೇ ಹೇಳಿದೆ. ಅವರೂ ಸೀರೆಯ ಹಾಗೆಯೇ ನಂಬಿದರು. ಎಷ್ಟು ಜನಕ್ಕೆ ಬರೆದು ಕೊಟ್ಟೆನೋ, ದೇವರಾಣೆ, ನನಗೆ ನೆನಪಿಲ್ಲ. ರೋಣದಿಂದ ಬಸ್ಸಿನಲ್ಲಿ ಬರುವಾಗ ಒಂದೊಂದೇ ಮುಖ ಕಣ್ಣ ಮುಂದೆ ಬಂತು.

ಟ್ಯೂಬು ಬಿಟ್ಟ ಐದನೆಯ ದಿನ ಮುಖ ಹತ್ತಿಕೊಂಡಿತು.

ಖಾರ ಕುಟ್ಟಿದ ಕೈ ಮರೆತು ಮುಖಕ್ಕೆ ತಾಗಿದರೆ ಹೇಗೆ ಉರಿಯುತ್ತದೆ, ಹಾಗೆ. ಅದಾದರೆ ತೊಳೆದರೆ ಹೋಗುತ್ತದೆ. ಇದು ಹೋಗಲಿಲ್ಲ. ಕೆನ್ನೆ ಬಾತಿತು. ಅರವತ್ತಮೂರರಲ್ಲಿ ಮೊಡವೆ ಎದ್ದವು. ಒಲೆಯ ಮುಂದೆ ನಿಲ್ಲಲಾಗದು, ರೊಟ್ಟಿ ಬಡಿಯುವುದು ಸವಿತಾಳ ಪಾಲಿಗೆ ಬಿತ್ತು. ಬಾಗಿಲಿಗೆ ಬಿಸಿಲು ಬಂದರೆ ಒಳಕೋಣೆಗೆ ಓಡುತ್ತಿದ್ದೆ. ಗಾದಿಯ ಮೇಲೆ ಕೂರುವುದು ಬಿಟ್ಟೆ. ಅರಿಶಿನ ಬೇಡ, ಕುಂಕುಮ ಬೇಡ ಎಂದು ಡಾಕ್ಟರು ಹೇಳಿದ್ದರು. ಅರಿಶಿನ ಬಿಟ್ಟೆ. ಬರಿ ಹಣೆಯಲ್ಲಿ ಮಾತ್ರ ಕನ್ನಡಿ ನೋಡಲಾಗಲಿಲ್ಲ, ಕೂತು ಅತ್ತೆ.

ನಮ್ಮವರು ಬಂದು ಪಕ್ಕದಲ್ಲಿ ಕೂತರು. "ನಾ ಇಲ್ಲೇ ಗಟ್ಟಿಮುಟ್ಟಾಗಿ ಕುಂತೀನಲ್ಲ. ನಿನ್ನ ಕುಂಕುಮ ಇರದಿದ್ರ ನಾ ಏನ್ ಎದ್ದ ಹೋಗಂಗಿಲ್ಲ, ಸುಮ್ನಿರು."

ಅಳುವಿನ ನಡುವೆಯೇ ನಗು ಬಂತು. ನಕ್ಕರೆ ಕೆನ್ನೆ ಇನ್ನೂ ಉರಿಯಿತು.

ಸವಿತಾ ಅಂಗಡಿಯಿಂದ ಮಲ್‌ಮಲ್ ಬಟ್ಟೆ ಹರಿದು ತಂದು, ತಣ್ಣೀರಲ್ಲಿ ಅದ್ದಿ ಗಳಿಗೆಗೊಮ್ಮೆ ಮುಖದ ಮೇಲೆ ಹಾಸುತ್ತಿದ್ದಳು. ಒಂದು ದಿನ ಅವಳ ಮೇಲೆಯೇ ಹರಿಹಾಯ್ದೆ. "ನಿನ್ನ ಸುಡಗಾಡ ಮೊಬೈಲಿಂದನ ಇಷ್ಟೆಲ್ಲಾ ಆತು!" ಅವಳು ಬಟ್ಟೆ ಬದಲಿಸಿದಳು. ತಪ್ಪು ಅವಳದಲ್ಲ ಎಂದು ಗೊತ್ತಿದ್ದೇ ಬೈದಿದ್ದೆ. ಆ ವಿಡಿಯೊ ಇಲ್ಲದಿದ್ದರೆ ನಾನು ಇನ್ನೂ ಹಚ್ಚುತ್ತಲೇ ಇರುತ್ತಿದ್ದೆ, ಬರೆದು ಕೊಡುತ್ತಲೂ ಇರುತ್ತಿದ್ದೆ. ಇದನ್ನು ಅವಳಿಗೆ ಹೇಳಲು ನನಗೆ ಎಂಟು ದಿನ ಬೇಕಾಯಿತು.

ಮೂರನೆಯ ವಾರವಿರಬೇಕು. ಮಧ್ಯಾಹ್ನ ಒಳಗೆ ಮಲಗಿದ್ದೆ. ಅಂಗಡಿಯಲ್ಲಿ ಪರಿಚಿತ ದನಿ ಕೇಳಿಸಿತು. ರಾಜೂರಿನ ರೇಣವ್ವ. ಮೂವತ್ತೈದರ ಹೆಣ್ಣುಮಗಳು, ಹೊಲದ ಕೂಲಿಗೆ ಹೋಗುತ್ತಾಳೆ, ಹಬ್ಬಕ್ಕೊಂದು ಸೀರೆ ನಮ್ಮಲ್ಲೇ ಒಯ್ಯುತ್ತಾಳೆ.

"ಕಾಕಿ ಅದಾರೇನ್ರಿ?" ಎಂದು ಸವಿತಾಳನ್ನು ಕೇಳುತ್ತಿದ್ದಳು. "ಕಾಕಿ ಬರದ ಕೊಟ್ಟ ಟ್ಯೂಬ್ ಹಚ್ಚಾಕತ್ತೀನ್ರಿ. ಮೊದಲ ಚಲೋ ಇತ್ತು. ಈಗ ಮಾರಿ ಉರಿ ಅಂದ್ರ ಉರಿ. ಇನ್ನಷ್ಟ ದಪ್ಪ ಹಚ್ಚಬೇಕೇನು, ಕೇಳಬೇಕಾಗಿತ್ತು."

ಪರದೆಯ ಹಿಂದೆ ನಾನು ಮುಖದ ಮೇಲಿನ ಒದ್ದೆ ಬಟ್ಟೆ ತೆಗೆದೆ.

ಸವಿತಾ "ಅತ್ತಿಯವರಿಗೆ ಮೈಯಾಗ ಹುಷಾರಿಲ್ರಿ" ಎಂದಳು. ನನ್ನ ಮಾನ ಕಾಯುತ್ತಿದ್ದಳು ಪಾಪ. ನಾನು ಸುಮ್ಮನೆ ಮಲಗಿದ್ದರೆ ರೇಣವ್ವ ಹೋಗಿಬಿಡುತ್ತಿದ್ದಳು. ಹೋಗಿ ಇನ್ನಷ್ಟು ದಪ್ಪಗೆ ಹಚ್ಚಿಕೊಳ್ಳುತ್ತಿದ್ದಳು. ನನ್ನ ಈ ಮುಖ ನೋಡಿದ ಮೇಲೆ ಪೇಟೆಯಲ್ಲಿ ಯಾರು ನನ್ನ ಮಾತು ನಂಬುತ್ತಾರೆ ಎಂಬ ಅಂಜಿಕೆಯೂ ಇತ್ತು. ನಲವತ್ತು ವರ್ಷ ಅಂಗಡಿ ನಡೆದದ್ದೇ ಆ ಮಾತಿನ ಮೇಲೆ. ಆದರೂ ಎದ್ದೆ. ಸೆರಗು ಮುಖಕ್ಕೆ ಎಳೆದುಕೊಳ್ಳಲಿಲ್ಲ.

"ರೇಣವ್ವಾ, ನನ್ನ ಮಾರಿ ನೋಡಿಲ್ಲೆ. ಅದ ಟ್ಯೂಬಿಂದ ಆಗೇತಿ. ನಾ ತಪ್ಪ ಹೇಳೀನಿ ನಿನಗ. ಇನ್ನ ಮುಟ್ಟಬ್ಯಾಡ ಅದನ್ನ."

ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಹತ್ತಿರ ಬಂದು ನನ್ನ ಕೆನ್ನೆಯನ್ನು ಮುಟ್ಟದೆ, ಬಾಗಿ ನೋಡಿದಳು. ಕಣ್ಣಲ್ಲಿ ನೀರು ಬಂತು ಅವಳಿಗೆ.

"ಅಯ್ಯ ಶಿವನ, ನಿಮಗೂ ಹಿಂಗಾತೇನ್ರಿ ಕಾಕಿ? ನಾ ಬಿಸಲಾಗ ದುಡಿಯಾಕಿ, ನನ್ನಂಥ ಮಾರಿಗೆ ಇದು ಒಗ್ಗಂಗಿಲ್ಲ, ನಂದ ತಪ್ಪು ಅಂದಕೊಂಡಿದ್ದೆ."

ನನ್ನ ಮುಖದ ಉರಿ ಆ ಗಳಿಗೆ ಮರೆತೇ ಹೋಯಿತು. ಅವಳ ಕೈ ಹಿಡಿದುಕೊಂಡು ಗಾದಿಯ ಮೇಲೆ ಕೂರಿಸಿದೆ. ಮುಂದಿನ ಮಂಗಳವಾರ ನಾವಿಬ್ಬರೂ ರೋಣದ ಬಸ್ಸು ಹತ್ತಿದೆವು. ಡಾಕ್ಟರಿಗೆ ನನ್ನ ಸುಳ್ಳನ್ನೂ ಹೇಳಿದೆ. "ಇನ್ನ ಎಷ್ಟ್ ಮಂದಿ ಅದಾರ್ರಿ?" ಎಂದರು. ಹುಡುಕುತ್ತೇನೆ ಎಂದೆ.

ಹುಡುಕಿದೆ. ಉರಿಯುವ ಮುಖ ಹೊತ್ತುಕೊಂಡೇ ಮತ್ತೆ ಗಾದಿಯ ಮೇಲೆ ಕೂತೆ, ಬಂದವರಿಗೆಲ್ಲ ಕೇಳಿದೆ. ಮುಶಿಗೇರಿಗೆ, ಇಟಗಿಗೆ ಹೇಳಿ ಕಳಿಸಿದೆ. ಕೆಲವರು ಎಂದೋ ಬಿಟ್ಟಿದ್ದರು. ಒಬ್ಬಾಕೆ ಮಗಳಿಗೂ ಹಚ್ಚಿದ್ದೆ ಎಂದು ನನ್ನನ್ನು ವಾಚಾಮಗೋಚರ ಬೈದು ಹೋದಳು, ಇನ್ನೂ ಅಂಗಡಿ ಮೆಟ್ಟಿಲು ಹತ್ತಿಲ್ಲ. ಅವಳ ಸಿಟ್ಟು ಖರೆ ಸಿಟ್ಟು. ಎಲ್ಲರನ್ನೂ ಮುಟ್ಟಿದೆ ಎಂದು ಹೇಳಲಾರೆ.

ಏಳು ತಿಂಗಳಾಯಿತು. ಕೆಂಪು ಇಳಿದಿದೆ, ಬಂಗು ತಿರುಗಿ ಬಂದು ಕೂತಿದೆ. ನೆರಿಗೆಗಳಂತೂ ಎಲ್ಲಿಗೂ ಹೋಗಿರಲಿಲ್ಲ. ಬಿಸಿಲಿಗೆ ಬೀಳುವ ಮೊದಲು ಡಾಕ್ಟರು ಕೊಟ್ಟ ಸನ್‌ಸ್ಕ್ರೀನ್ ಹಚ್ಚಿಕೊಳ್ಳುತ್ತೇನೆ. ಹಣೆಗೆ ಕುಂಕುಮ ಇಡುತ್ತೇನೆ, ಉರಿಯುವುದಿಲ್ಲ. ಅಷ್ಟಕ್ಕೇ ದಿನವೂ ಕೈಮುಗಿಯುವ ಹಾಗಾಗಿದೆ.

ಹೋದ ಮಂಗಳವಾರ ರೇಣವ್ವನೂ ನಾನೂ ತೋರಿಸಲು ಹೋಗಿದ್ದೆವು. ಡಾಕ್ಟರು ಅದೇ ದೀಪ ಹಿಡಿದು ನೋಡಿ ನಕ್ಕರು. "ಅಮ್ಮಾ, ಚರ್ಮ ಸುಧಾರಿಸೇತಿ. ಈಗ ಬೇಕಂದ್ರ ಹಗೂರಕ ಒಂದ್ ಪೀಲ್ ಮಾಡಬಹುದು, ಔಷಧ ಹಚ್ಚಿ ಮ್ಯಾಲಿನ ಪೊರೆ ತೆಗೆಯೋದು. ಮೊದಲ ಕಿವಿ ಹಿಂದ ಟೆಸ್ಟ್ ಮಾಡಿ ನೋಡೋಣು. ನೆರಿಗಿ ಪೂರ್ತಿ ಹೋಗಂಗಿಲ್ಲ, ಕಲೆ ಸ್ವಲ್ಪ ತಿಳಿಯಾಗತೈತಿ. ಆಸೆ ಐತೇನು ಇನ್ನೂ?"

ಇದೆ. ಇಷ್ಟೆಲ್ಲ ಆದ ಮೇಲೆ ವೈರಾಗ್ಯ ಬಂತು ಅಂತ ಬರೆದರೆ ಅದೂ ಸುಳ್ಳೇ ಆಗುತ್ತದೆ. ಕಿವಿ ಮಡಚಿ ಹಿಡಿದು, "ಮಾಡ್ರಿ" ಎಂದೆ.

ರೇಣವ್ವ ನನ್ನ ಮಗ್ಗುಲಲ್ಲೇ ಕೂತಿದ್ದಳು. ಎಲ್ಲ ಕಿವಿಗೊಟ್ಟು ಕೇಳಿದವಳು, ಮೊಣಕೈಯಿಂದ ಮೆಲ್ಲಗೆ ನನ್ನನ್ನು ತಿವಿದಳು.

"ಕಾಕಿ, ನಾನೂ ಮಾಡಿಸಲ್ಯಾ?"

ಅದೇ ಕಣ್ಣು, ಅದೇ ನಂಬಿಕೆ. ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಇಷ್ಟು ವರ್ಷದಲ್ಲಿ ಯಾವ ಗಿರಾಕಿಗೂ ಆಡದ ಮಾತನ್ನು ಆವತ್ತು ಅವಳಿಗೆ ಆಡಿದೆ.

"ನನಗ ಗೊತ್ತಿಲ್ಲವ್ವಾ. ಡಾಕ್ಟರನ್ನ ಕೇಳು."

ರೇಣವ್ವ ಡಾಕ್ಟರ ಕಡೆ ತಿರುಗಿ ಕೂತು ಕೇಳಿದಳು.