ಬಂಡೆಯ ಇಳುವರಿ

ನಂಗವಳ್ಳಿ ಕಡೆಯ ನಮ್ಮೂರಿಗೆ ರಾಗಿಯ ಇಳುವರಿ ಅಳೆಯಲು ಬರುತ್ತಿದ್ದ ಮೇಡಂ ಮೆಟ್ಟೂರಿನವರು, ನಮ್ಮಂತೆ ಕನ್ನಡ ಮಾತಿನವರೇ. ಬಿಸಿಲಿಗೆಂದು ಸೀರೆಯ ಮೇಲೆ ಗಂಡಸರ ಅಂಗಿ ತೊಡುತ್ತಿದ್ದರು. ಎಲ್ಲಿ ಕೊಯ್ದು ತೂಗಬೇಕೆಂದು ಅವರ ಫೋನು ಕಣ್ಣು ಮುಚ್ಚಿ ಚೀಟಿ ಎತ್ತಿದಂತೆ ಆರಿಸುತ್ತಿತ್ತು. ಅಲ್ಲಿಯೇ ನಾಲ್ಕು ಗೂಟ ಹೊಡೆದು, ಅಳತೆಯ ಹಗ್ಗ ಸುತ್ತಿ ಚೌಕ ಮಾಡಿ, ಅದರೊಳಗಿನ ತೆನೆಯನ್ನಷ್ಟೇ ತೂಗುತ್ತಿದ್ದರು.

ಹೋದ ವರ್ಷ ನನ್ನ ಹೊಲದ ಅರ್ಧಕ್ಕೆ ಹೊಸ ತಳಿಯ ಬಿತ್ತನೆ, ಅರ್ಧಕ್ಕೆ ಹಳೆಯದು, ಯಾವುದು ಹೆಚ್ಚು ಬೆಳೆಯುತ್ತದೆಂದು ನೋಡಲು. ಹೊಸದರ ಚೌಕದೊಳಗೆ ಬಂಡೆಯೊಂದು ಬಂತು.

"ಬಂಡೆ ಏನ್ ಬೆಳೀತೈತೆ ಅಮ್ಮಣಿ? ಆ ಕಡೆ ತೆನೆ ನೋಡು, ಎಂಗೈತೆ!" ಎಂದೆ.

"ಚೆಂದ ನೋಡಿ ಆರಿಸೋಕೆ ನಾನೇನ್ ಎಣ್ಣು ನೋಡೋಕೆ ಬಂದಿದ್ದೀನಾ ತಾತ? ಬಂಡೇನೂ ಲೆಕ್ಕಾನೇ."

ಮನೆಗೆ ಬಂದವರಿಗೆ ಕಲ್ಲು ಬಡಿಸಿದಂತೆ ನನಗೆ ನಾಚಿಕೆಯಾಯಿತು. ಅವರು ಎರಡೂ ಕಡೆಯ ಚೌಕ ಕೊಯ್ಸಿ ಮಜ್ಜಿಗೆ ಕುಡಿಯಲು ಹೋದಾಗ, ಗೊಬ್ಬರಗುಂಡಿ ಪಕ್ಕದ ದಪ್ಪ ತೆನೆಗಳನ್ನು ಕೊಯ್ದು ತಬ್ಬಿ ತಂದು ಆ ಚೌಕದ ಕುಪ್ಪೆಗೆ ಸೇರಿಸಿದೆ. ಹಳೆಯದರ ಚೌಕಕ್ಕಿಂತ ಬಂಡೆಯ ಚೌಕವೇ ಹೆಚ್ಚು ತೂಗಿತು. ಮೇಡಂ ಮತ್ತೆ ಮತ್ತೆ ತೂಗಿ, "ಬಂದದ್ದನ್ನೇ ಬರೀಬೇಕು" ಎಂದು ಬರೆದುಕೊಂಡರು.

ಆ ಲೆಕ್ಕ ನಂಬಿ ಈ ವರ್ಷ ಊರೆಲ್ಲ ಹೊಸದನ್ನೇ ಬಿತ್ತಿತು. ಒಬ್ಬನಂತೂ ತನ್ನ ಹೊಲಕ್ಕೊಂದು ಬಂಡೆಯನ್ನೂ ಉರುಳಿಸಿಕೊಂಡ. ಬೆಳೆ ಹಳೆಯದಕ್ಕಿಂತ ಕಡಿಮೆ ಬಂತು. ಜನ ಮೇಡಮ್ಮನ್ನು ಸುತ್ತುವರಿದು ಬೈದರು.

ಅವರು ಅಳತೆಯ ಹಗ್ಗ ಹಿಗ್ಗಿ ಹೋದ ವರ್ಷದ ಚೌಕ ದೊಡ್ಡದಾಗಿತ್ತೇನೋ ಎಂದು ಅದರ ಒಂದು ತುದಿಯನ್ನು ನನ್ನ ಕೈಗೇ ಕೊಟ್ಟು, ಎಲ್ಲರ ಮುಂದೆ ಟೇಪಿಟ್ಟು ಅಳೆದರು.

"ಅಗ್ಗ ಸರಿಯಾಗೈತೆ ತಾತ. ನಾನೇ ಎಲ್ಲೋ ತಪ್ಪು ಮಾಡಿದ್ದೀನಿ."

"ಓಗ್ಲಿ ಬಿಡು ಅಮ್ಮಣಿ," ಎಂದು ನಾನು ಸಮಾಧಾನ ಹೇಳಿದೆ, "ತಪ್ಪು ಯಾರಿಗಾದ್ರೂ ಆಗ್ತೈತೆ."