ಹದಿನಾರರಲ್ಲಿ ದುಡಿಯುವ ನಾಲ್ಕು

ಬಾಗಲೂರಿನ ಗೋಪಾಲಪ್ಪ ಲಾರಿ ಕೊಳ್ಳುವಾಗ ಚಕ್ರ ಎಣಿಸುವ ಮನುಷ್ಯ. ತನ್ನ ಗುಲಾಬಿ ಮಂಡಿಗೆ ಸರ್ವರ್ ಕೊಳ್ಳುವಾಗಲೂ ಹಾಗೇ ಪ್ರೊಸೆಸರಿನೊಳಗೆ ಕೆಲಸ ಎಳೆಯುವ ಕೋರ್ ಎಣಿಸಿ, ಹದಿನಾರು ಇರುವುದನ್ನೇ ತಂದ. ಆದರೂ ಬಿಲ್ ತೆವಳುತ್ತಲೇ ಇತ್ತು. ಕಾರಣ ಹೇಳಿದವಳು ಬಿಲ್ ಹಾಕುವ ಸರಿತಾ.

"ನಮ್ದು ಫ್ರೀ ಡೇಟಾಬೇಸು ಕಣಣ್ಣ. ನಾಕು ಕೋರ್‌ಗಿಂತ ಜಾಸ್ತಿ ಅದು ಮುಟ್ಟಲ್ಲ. ಮಿಕ್ಕಿದ್ದೂ ಓಡ್ಬೇಕಂದ್ರೆ ಕೋರ್‌ಗಿಷ್ಟು ಅಂತ ಲೈಸೆನ್ಸ್ ತಗೋಬೇಕು."

"ಹಂಗಾರೆ ಹನ್ನೆರಡು ಮನೆಅಳಿಯಂದ್ರನ್ನ ತಂದು ಕೂರಿಸ್ಕಂಡಿದೀನಾ?"

ಪಕ್ಕದಲ್ಲೇ ಬಕೆಟ್ಟು, ಪ್ಯಾಕಿಂಗ್ ಕಾಗದ ಮಾರುವ ನಾನು ನಗು ತಡೆದುಕೊಂಡೆ. ನಗುವ ಹೊತ್ತೂ ಅಲ್ಲ. ಬಿಲ್ ಆಗದೆ ಹೂವು ಕೋಲ್ಡ್ ರೂಮಿಗೆ ಹೋಗುವಂತಿಲ್ಲ. ಬಿಸಿಲಿಗೆ ಮೊಗ್ಗು ಅರಳಿತೆಂದರೆ ಕೇಳುವವರಿಲ್ಲ. ಬೆಳೆಗಾರರು ಒಬ್ಬೊಬ್ಬರಾಗಿ ಎದುರು ಮಂಡಿಗೆ ಬೈಕ್ ತಿರುಗಿಸುತ್ತಿದ್ದರು.

ಸರ್ವರ್ ಮಾರಿದ ಭೈರೇಶ್ ಪೆನ್‌ಡ್ರೈವ್ ಹಿಡಿದು ಬಂದ. "ದೊಡ್ಡ ಸಾಫ್ಟ್‌ವೇರೇ ಐತಣ್ಣ, ಲೈಸೆನ್ಸ್ ಬೀಗ ಮುರ್ದಿರೋದು. ಹದಿನಾರೂ ಓಡ್ತವೆ."

"ಅದನ್ನ ಹಾಕಿದ್ರೆ ನಾನೀ ಕುರ್ಚಿ ಮೇಲೆ ಕೂರಲ್ಲ," ಎಂದಳು ಸರಿತಾ.

"ಹೂವೇ ಹೋಯ್ತಾ ಐತೆ, ನೀನು ನ್ಯಾಯ ಹೇಳ್ತೀಯಲ್ಲಮ್ಮ!" ಗೋಪಾಲಪ್ಪ ರೇಗಿದ.

"ನಿಮ್ ಕೋಲ್ಡ್ ರೂಮ್ ಬೀಗ ಯಾರಾರ ಮುರಿದ್ರೆ ಸುಮ್ನಿರ್ತೀರಾ? ನಾಳೆ ಬೆಳಗ್ಗೆವರ್ಗೂ ಟೈಮ್ ಕೊಡಿ. ಆಗ್ಲಿಲ್ಲ ಅಂದ್ರೆ ನಾನೇ ಕೆಲ್ಸ ಬಿಟ್ಟು ಹೋಯ್ತೀನಿ."

ಸಂಜೆ ಸರಿತಾ ಮನೆಗೆ ಹೋಗುವ ರಾಯಕೋಟೆ ಬಸ್ಸು ಬಿಟ್ಟು ಕೆಲಸಕ್ಕೆ ಕೂತಳು. ಗೋಪಾಲಪ್ಪನಿಗೊಂದು ಚಟವಿತ್ತು. ಬಿಲ್ ತೆರೆದರೆ ಆ ಬೆಳೆಗಾರ ಮೊದಲು ಬಂದ ದಿನದಿಂದ ಕೊಟ್ಟ ದರವೆಲ್ಲ ಪರದೆಯ ಮೇಲೆ ಕಾಣಬೇಕು. "ಹೋದ ಶ್ರಾವಣದಾಗೆ ಇಷ್ಟಕ್ಕೇ ಕೊಟ್ಟಿದ್ದಲ್ಲಪ್ಪ" ಎನ್ನಲು ಅದೇ ಅವನ ಆಯುಧ. ಒಂದೊಂದು ಬಿಲ್ಲಿಗೂ ಆ ಪುರಾಣವನ್ನೆಲ್ಲ ಹೊತ್ತು ತರುತ್ತಿದ್ದದ್ದು ಆ ನಾಲ್ಕೇ ಕೋರುಗಳು. ಸರಿತಾ ಹಳೆಯ ವರ್ಷಗಳ ದರವನ್ನೆಲ್ಲ ಬಿಲ್ಲಿನಿಂದ ಬೇರೆ ಮಾಡಿ, ಒಂದು ಬಟನ್ನಿನ ಹಿಂದೆ ಇಟ್ಟಳು.

ಬೆಳಗ್ಗೆ ಮೊದಲು ಬಂದವನು ಬೆಳೆಗಾರ ಕದಿರಪ್ಪ. ಅವನು ಬಕೆಟ್ ಇಳಿಸುವಷ್ಟರಲ್ಲಿ ಬಿಲ್ ತೆರೆದು ಕೂತಿತ್ತು.

"ಹಳೇ ರೇಟೆಲ್ಲಮ್ಮ?" ಗೋಪಾಲಪ್ಪನಿಗೆ ಗಾಬರಿ.

"ಈ ಬಟನ್ ಒತ್ತಿ, ಬತ್ತದೆ. ಬರೋವರ್ಗೂ ಎಲ್ರೂ ಕಾಯ್ತಾರೆ."

ಅವನ ಬೆರಳು ಬಟನ್ನಿನವರೆಗೆ ಹೋಯಿತು. ಕಣ್ಣು ಹೊರಗೆ ನಿಂತ ಬೈಕುಗಳತ್ತ ಹೋಯಿತು. ಬೆರಳು ವಾಪಸು ಬಂದು ಮೀಸೆ ತಿರುವಿತು.

"ಯಾಕಣ್ಣ, ಇವತ್ತು ಶ್ರಾವಣ ಗ್ಯಾಪ್ಕ ಬರ್ಲಿಲ್ವಾ?" ಎಂದ ಕದಿರಪ್ಪ, ಒಂದು ರೂಪಾಯಿ ಏರಿಸಿಯೇ ದರ ಹೇಳಿದ.

ಗೋಪಾಲಪ್ಪ ಹಲ್ಲು ಕಚ್ಚಿ ಒಪ್ಪಿದ. ಹೂವು ಒಳಗೆ ಹೋಯಿತು.

ಸರಿತಾ ಭೈರೇಶ್ ಬಿಟ್ಟುಹೋಗಿದ್ದ ಪೆನ್‌ಡ್ರೈವನ್ನು ಮೇಜಿನ ಅಂಚಿಗೆ ತಳ್ಳಿ, ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು.

"ಮುಂದಿನೋರು ಬರ್ರಪ್ಪ!"